ಎರಡನೆಯ ತಟ್ಟೆ

ನಮ್ಮ ಭಾವ ದರ್ಜಿ. ಕಣ್ಣಾರೆ ನೋಡದೆ, ಟೇಪು ಹಿಡಿಯದೆ ಯಾರ ಮಾತನ್ನೂ ನಂಬುವವರಲ್ಲ. ಇವತ್ತು ಅಂಗಡಿ ಮುಚ್ಚಿ ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೇ ಬಂದು ಕೂತಿದ್ದರು.

ಅಕ್ಕನ ಸ್ನಾಯುಗಳಲ್ಲಿ ಒಂದು ಕಿಣ್ವ ಹದ್ದು ಮೀರಿದೆ. ಬೇಡದ್ದನ್ನಷ್ಟೇ ಕತ್ತರಿಸಬೇಕಾದದ್ದು ಬೇಕಾದದ್ದನ್ನೂ ಕತ್ತರಿಸಿ ಹಾಕುತ್ತಿದೆ. ಅವಳೀಗ ಬಾಚಣಿಗೆ ಎತ್ತಲಾರಳು, ತಲೆ ಬಾಚುವುದೂ ಭಾವನೇ. ಅಂಥ ಕಿಣ್ವವನ್ನು ತಡೆಯುವ ರಾಸಾಯನಿಕಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಹೋದ ವಾರ ಒಂದು ಫಲಿಸಿತು. ಅಕ್ಕನ ತೊಡೆಯಿಂದ ತೆಗೆದು ಬೆಳೆಸಿದ ಜೀವಕೋಶಗಳು ಅದನ್ನು ಹಾಕಿದ ತಟ್ಟೆಯಲ್ಲಿ ಚೇತರಿಸಿಕೊಂಡವು.

"ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮನೇಲಿ ನೋಡು, ಹಿತ್ತಲಲ್ಲೇ ಮದ್ದು!" ಎಂದರು ಭಾವ. "ಒಂದು ಚಿಕ್ಕ ಸೀಸೇಲಿ ಹಾಕ್ಕೊಡಮ್ಮ."

"ಮನುಷ್ಯರಿಗೆ ಕೊಡೋ ಹಾಗಿಲ್ಲ ಅಂತ ಬಾಟಲಿ ಮೇಲೇ ಬರೆದಿದೆ, ಭಾವ."

"ಬರೆಯೋರು ಬರೀತಾರೆ. ಮೊದ್ಲು ನಾನೇ ಕುಡೀತೀನಿ, ಆಯ್ತಾ?"

ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಬೆಳಿಗ್ಗೆ ನೋಡಿದ ಎರಡನೆಯ ತಟ್ಟೆಯ ಮೇಲೆ. ಅದರಲ್ಲಿದ್ದದ್ದು ಯಕೃತ್ತಿನ ಕೋಶಗಳು, ಹಾಕಿದ್ದು ಅದೇ ರಾಸಾಯನಿಕ. ಬಾಯಲ್ಲಿ ಹೇಳಿದರೆ ಇವರು ನಂಬುವುದಿಲ್ಲ. ಮೊದಲು ಅಕ್ಕನ ಕೋಶಗಳ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ.

"ಏನೂ ಅಲ್ಲಾಡ್ತಾನೇ ಇಲ್ವಲ್ಲ," ಎಂದು ಭಾವ ಮುಖ ಸಣ್ಣದು ಮಾಡಿದರು.

ತಟ್ಟೆ ಬದಲಾಯಿಸಿದೆ. ಅವರು ಮತ್ತೆ ಬಗ್ಗಿದರು. ಬಗ್ಗಿದವರು ಕಣ್ಣು ತೆಗೆಯದೆಯೇ ಜೇಬಿಗೆ ಕೈ ಹಾಕಿ, ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಗೆ ಫೋನು ಹಚ್ಚಿದರು.

"ಓಡಾಡ್ತಿವೆ ಕಣೇ! ಎಷ್ಟೊಂದು! ಔಷಧಿ ಹಾಕಿದ್ದಕ್ಕೇ ಹಿಂಗೆ ಓಡಾಡ್ತಿವೆ!"

ಫೋನಿನೊಳಗೆ ಅಕ್ಕ ನಕ್ಕಳು. ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತು!

ನಾನು ಭಾವನ ತೋಳು ಹಿಡಿದೆ. ಅವರು ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನತ್ತ ತಿರುಗಿದರು.

"ಭಾವ, ಬದುಕಿರೋವು ತಟ್ಟೆಗೆ ಅಂಟಿಕೊಂಡೇ ಇರ್ತವೆ," ಎಂದೆ ಮೆಲ್ಲಗೆ. "ಸತ್ತ ಮೇಲೇನೇ ಬಿಟ್ಕೊಂಡು ತೇಲೋದು. ಇದು ಸ್ನಾಯು ಉಳಿಸುತ್ತೆ, ಯಕೃತ್ತನ್ನ ಕೊಲ್ಲುತ್ತೆ."

"ಸ್ವಲ್ಪ ಕಮ್ಮಿ ಹಾಕಿದ್ರೆ?"

"ಕಮ್ಮಿ ಹಾಕಿದ್ರೆ ಸ್ನಾಯುಗೂ ನಾಟಲ್ಲ. ಅದನ್ನೂ ನೋಡಿಯಾಯ್ತು."

ನನ್ನ ಇಷ್ಟು ವರ್ಷಗಳ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.  ಭಾವ ಫೋನನ್ನು ನನ್ನ ಕೈಗಿಟ್ಟು ಕುರ್ಚಿಯಲ್ಲಿ ಕುಸಿದರು.

"ನಿಜಾನೇನೇ?" ಅಕ್ಕ ಕೇಳುತ್ತಿದ್ದಳು. "ಇವ್ರು ಹೇಳ್ತಿರೋದು ನಿಜಾನಾ?"

ಸಂತೋಷದ ಸುದ್ದಿಯಾದರೆ ಬೀದಿಗೆಲ್ಲ ಕೇಳುವಂತೆ ಕೂಗುವವಳು ನಾನು. ಅದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

"ಮನೆಗೆ ಬಂದು ಹೇಳ್ತೀನಿ, ಅಕ್ಕ."



"ಆಯ್ತು ಬಿಡು," ಎಂದಳು. "ಅವ್ರನ್ನ ಒಬ್ಬರನ್ನೇ ಕಳಿಸ್ಬೇಡ. ಜೊತೇಲೇ ಕರ್ಕೊಂಡು ಬಾ."