ಒಲೆಮಣ್ಣಿನಿಂದ ಎದ್ದ ಹೆಸರು

ಮಿಣುಕಿತು, ಬೋಗುಣಿಯ ತಳದಲ್ಲಿ, ಹೆಸರುಕಾಳಿನಷ್ಟು ಎರಡು ತೆಳು ಚಿಪ್ಪು, ದುವಾಕ್ಕೆ ಎತ್ತಿದ ಅಂಗೈಗಳಂತೆ ತೆರೆಯಿತು, ಮುಚ್ಚಿತು — ವಜೀರ್ ಸಾಬ್ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು, ಅಗೋ ಇನ್ನೊಂದು, ಎಲ್ಲ ಅವಳ ಮಣ್ಣಿನವು, ತವರು ಅಜ್ಜಂಪುರಕ್ಕೆ ಹೋದಾಗಲೆಲ್ಲ ಬೇರೆ ಹೆಂಗಸರು ಬಳೆ ತಂದರೆ ತನ್ನ ಹೆಂಡತಿ ತರುತ್ತಿದ್ದುದು ಮಳೆಹೊಂಡದ ಒಣಮಣ್ಣು, ಒಲೆಗೆ ಬಳಿಯಲು, ಬಸ್ಸಿನಲ್ಲಿ ತೊಡೆಯ ಮೇಲೆ ಗಡಿಗೆ, ಸಖರಾಯಪಟ್ಟಣದಲ್ಲಿ ಮಣ್ಣಿಲ್ವೇನೇ ಅಂದರೆ ನಿಮ್ಮೂರ ಮಣ್ಣು ನಿಮ್ಹಂಗೇ ಬಿರುಕು ಬಿಡುತ್ತೆ ಕಣ್ರೀ ಎಂಬ ನಗು, ಆ ನಗು ಮಣ್ಣಿಗೆ ಹೋಗಿ ವರ್ಷ ತುಂಬಿದ ದಿನ ಒಲೆಯನ್ನು ತಾನೇ ಬಳಿಯೋಣವೆಂದು ಗಡಿಗೆಯಲ್ಲಿ ಉಳಿದಿದ್ದಕ್ಕೆ ನೀರು ಸುರಿದು, ಮಸೀದಿಗೆ ಹೋಗಿ, ಮರೆತು, ವಾರದ ಮೇಲೆ ನೋಡಿದರೆ ನೀರ ತುಂಬ ಓಡಾಟ, ಯಾ ಅಲ್ಲಾ, ಅವಳು ಕೊನೆಯ ಸಲ ತಂದ ಆರು ವರ್ಷದ ಒಣಮಣ್ಣು. ಮಗಳು ಅತೀಯಾ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಹೇಳುವವಳು, ಕಡೂರಿನಿಂದ ಓಡಿ ಬಂದು ನೆಲಕ್ಕೇ ಕೂತುಬಿಟ್ಟಳು, ಅಬ್ಬಾ ಇದು ಹುಳ ಅಲ್ಲ, ಚಿಪ್ಪಿನ ಸಿಗಡಿ, ಮೊಟ್ಟೆ ಒಣಮಣ್ಣಲ್ಲೇ ಕಾಯ್ತಾ ಇರುತ್ತೆ. ಮತ್ತೆ ಒಣಗಿಸಿದಳು, ಮತ್ತೆ ನೆನೆಸಿದಳು, ಮತ್ತೆ ಎದ್ದವು. ಹಿಂದಿನ ವಿಜ್ಞಾನಿಗಳು ಚಿಪ್ಪಿನ ಗೆರೆ ಎಣಿಸಿ ಹೆಸರಿಡುತ್ತಿದ್ದರಂತೆ, ವಯಸ್ಸಾದಂತೆ ಗೆರೆ ಹೆಚ್ಚುತ್ತವೆಂದು ತಿಳಿಯದೆ ಎಳೆಯದಕ್ಕೊಂದು ಮುದಿಯದಕ್ಕೊಂದು, ಒಂದೇ ಜೀವಕ್ಕೆ ಮೂರು ಹೆಸರು, ಆ ಜೀವಿಗಳ ಕುಟುಂಬವನ್ನೇ ಒಡೆದರಂತೆ, ಕೂಡಿಸಿದರಂತೆ, ಕೊನೆಗೆ ಮೊಟ್ಟೆಯ ಮೈಮೇಲಿನ ಏಣು ನೋಡಿ ಇದು ಇಂಥದ್ದು ಅಂದರಂತೆ — ತನ್ನ ಹೆಂಡತಿಯೂ ಹಾಗೇ ಅಲ್ಲವೆ, ತವರಿಗೆ ಛೋಟಿ, ಅತ್ತೆಗೆ ದುಲ್ಹನ್, ಓಣಿಗೆ ಸಾಬರ ಮನೆಯಾಕೆ, ನಲವತ್ತೆರಡು ವರ್ಷದ ಸಂಸಾರದಲ್ಲಿ ತನಗೆ ಅತೀಯಾಳ ಅಮ್ಮೀ, ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಮನೆಯ ರೂಢಿಯಲ್ಲ, ಗೆರೆ ಎಣಿಸಿದ್ದೇ ಆಯಿತು. ಇವತ್ತು ನಸುಕಿಗೇ ಕಡೂರಿನಿಂದ ಮಗಳ ಫೋನು, ಇದು ಹೊಸದು ಅಬ್ಬಾ, ಯಾರೂ ಹೆಸರಿಟ್ಟಿಲ್ಲ, ಅಮ್ಮೀ ಹೆಸರು ಇಡ್ಲಾ, ನೀವು ಬೇಡ ಅಂದ್ರೆ ಇಡಲ್ಲ, ಇವತ್ತೇ ಸಂಶೋಧನೆಯ ಪೇಪರ್ ಕಳಿಸ್ಬೇಕು. ಗೋಡೆಯಾಚೆಯಿಂದ, ಮಾತು ಕೇಳಿಸಿಕೊಂಡ ನೆರೆಮನೆಯ ಬೆನಕಪ್ಪ, ಏನ್ ಸಾಬ್ರೆ, ಅಕ್ಕಾರ ಹೆಸ್ರು ಹುಳಕ್ಕಾ, ನಂದು ಒಂದ್ ಕೋಣಕ್ಕಾದ್ರೂ ಇಡ್ಸಿ. ಅವಳಿದ್ದಿದ್ದರೆ ಕೋಣಕ್ಕೆ ಆಗ್ಲೇ ನಿನ್ ಹೆಸ್ರೇ ಕಣೋ ಅನ್ನುತ್ತಿದ್ದಳು, ನಗು ಉಕ್ಕಿತು — ಆದರೂ ಮಣ್ಣಿಗೆ ಒಪ್ಪಿಸಿದವಳ ಹೆಸರನ್ನು ನೀರಿಗೆ ಬಿಡಬಹುದೇ, ಬೆಳಗಿನ ನಮಾಜಿನಿಂದ ಅದೇ ಯೋಚನೆ, ಮೊದಲ ಮನುಷ್ಯನಿಗೆ ಮೇಲಿನ ಮಾಲೀಕ ಮೊದಲು ಕಲಿಸಿದ್ದು ಹೆಸರುಗಳನ್ನೇ ಅಲ್ಲವೆ, ಎಲ್ಲದರ ಹೆಸರುಗಳನ್ನು, ಇದನ್ನೂ, ಎದೆ ಹಗುರವಾಗುತ್ತಿದೆ, ಮತ್ತೆ ಅತೀಯಾಳ ಫೋನು ಕಿವಿಗೆ, ಏನ್ ಬರೀಲಿ ಅಬ್ಬಾ, ನಿಕಾಹದ ದಿನ ಖಾಜಿ ಆ ಹೆಸರು ಓದಿದಾಗಲೂ ತಾನು ಕಬೂಲ್ ಎಂದದ್ದಷ್ಟೇ, ಹೆಸರನ್ನು ಎಂದಿರಲಿಲ್ಲ — ಬಷೀರುನ್ನೀಸಾ, ಅಂದರು, ಬಾಯಿ ತುಂಬ, ಬಷೀರುನ್ನೀಸಾ, ಬೋಗುಣಿಯ ತಳದಲ್ಲಿ ಆ ಎರಡು ಅಂಗೈ ತೆರೆಯಿತು, ಮುಚ್ಚಿತು, ತೆರೆಯಿತು