ನೂರು ಮೀಟರ್, ಹದಿನೈದು ಸೆಕೆಂಡ್

ಆ ಸರ್ಕಾರಿ ಹೈಸ್ಕೂಲಿಗೆ ಮೈದಾನ ಇತ್ತು, ಇಲ್ಲ ಅನ್ನೋ ಹಾಗಿಲ್ಲ. ಅದರ ಅರ್ಧದ ಮೇಲೆ ಶಾಲಾ ಸಮಿತಿ ಅಧ್ಯಕ್ಷನ ಜಲ್ಲಿ, ಕಬ್ಬಿಣದ ಸರಳು ಬಿದ್ದಿದ್ದವು. ಚೆಂಡುಗಳು ಹೆಡ್ ಮೇಷ್ಟ್ರ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರ್ ಸಮೇತ. ಪೀಟಿ ಪಿರಿಯಡ್ಡನ್ನು ಗಣಿತದ ಮೇಷ್ಟ್ರು ನುಂಗಿ ನೀರು ಕುಡಿದಿದ್ದರು. ಪೀಟಿ ಟೀಚರ್‌ಗೆ ಉಳಿದದ್ದು ಕೊರಳಲ್ಲಿದ್ದ ಸೀಟಿ ಮಾತ್ರ.

"ಸರಳು ತೆಗೆಸಿ ಸಾರ್," ಅಂತ ಆಕೆ ಮೂರು ಅರ್ಜಿ ಕೊಟ್ಟಳು.

"ಆಟ ಆಡಿ ಯಾರಮ್ಮ ಉದ್ಧಾರ ಆಗಿದಾರೆ?" ಅಂದರು ಹೆಡ್ ಮೇಷ್ಟ್ರು.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಓಟಕ್ಕೆ ನಿಂತರೆ ಹಿಡಿಯೋರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳ ಹೆಸರು ಗಿರಗಿಟ್ಲೆ. ಒಂದು ದಿನ ಸರಳಿಗೆ ಸಿಕ್ಕಿ ಅವಳ ಕಾಲು ಎರಡು ಕಡೆ ಮುರಿಯಿತು.

"ಮನೇಲಿ ಬಿದ್ದಳು ಅಂತ ಬರೆದುಕೊಡಿ. ಇಲ್ಲಾಂದ್ರೆ ನಿಮ್ಮ ಕೆಲಸ ಹೋಗುತ್ತೆ," ಅಂದರು ಹೆಡ್ ಮೇಷ್ಟ್ರು.

ಟೀಚರ್ ಬರೆದುಕೊಟ್ಟಳು.

ತಪಾಸಣೆ ಹತ್ತಿರ ಬಂತು. ಗುಮಾಸ್ತ ಒಂದೇ ಕೂತಲ್ಲಿ ಆಟದ ರಿಜಿಸ್ಟರ್ ತುಂಬಿಸಿದ. ಯಾರೂ ಓಡದ ಓಟ, ಯಾರೂ ಜಿಗಿಯದ ಜಿಗಿತ. ಹಾಜರಿ ಪಟ್ಟಿ ನೋಡಿ ಬರೆದ ಪುಣ್ಯಾತ್ಮ ಕಾಲು ಮುರಿದು ಮನೆಯಲ್ಲಿದ್ದವಳನ್ನೂ ಬಿಟ್ಟಿರಲಿಲ್ಲ. ಗಿರಗಿಟ್ಲೆ, ಹೋದ ವಾರ, ನೂರು ಮೀಟರ್, ಹದಿನೈದು ಸೆಕೆಂಡ್. ಕೆಳಗೆ "ಎದುರು ನಿಂತು ನೋಡಿದ್ದೇನೆ" ಅಂತ ಹೆಡ್ ಮೇಷ್ಟ್ರ ಸಹಿ.

ಟೀಚರ್ ಆ ಸಾಲನ್ನು ಎರಡು ಸಲ ಓದಿದಳು. ಸಿಕ್ಕಿಬಿದ್ದೆ ನನ್ಮಗನೇ, ಅಂದುಕೊಂಡಳು.

ಸಂಜೆ ಹುಡುಗಿಯ ಮನೆಗೆ ಹೋಗಿ, ಸುಳ್ಳು ಬರೆದದ್ದನ್ನು ತಾಯಿಯ ಎದುರೇ ಒಪ್ಪಿಕೊಂಡಳು. ರಿಜಿಸ್ಟರಿನ ವಿಷಯವನ್ನೂ ಹೇಳಿದಳು.

"ಹದಿನೈದಾ? ನಾನು ಹದಿನಾಲ್ಕಕ್ಕೇ ಮುಗಿಸ್ತಿದ್ದೆ ಟೀಚರ್," ಅಂದಳು ಗಿರಗಿಟ್ಲೆ. "ಬರ್ತೀನಿ. ಓಡಿ ತೋರಿಸ್ತೀನಿ."

ತಾಯಿ ಮೂಲೆಯಲ್ಲಿದ್ದ ಊರುಗೋಲು ತಂದು ಮಗಳ ಪಕ್ಕ ಇಟ್ಟಳು. "ಕರ್ಕೊಂಡು ಹೋಗಮ್ಮ," ಅಂದಳು. "ನಮ್ಮ ಹೊಟ್ಟೆ ಉರಿ ಅವರಿಗೂ ತಟ್ಟಲಿ."

ತಪಾಸಣೆಯ ದಿನ ಅಧಿಕಾರಿ ರಿಜಿಸ್ಟರ್ ತಿರುವಿ ಭೇಷ್ ಅಂದರು.

"ಕಾಗದದಲ್ಲಿ ಯಾಕೆ ಸಾರ್, ಕಣ್ಣಾರೆ ನೋಡಿ," ಅಂತ ಟೀಚರ್ ಹೊರಗೆ ಬಂದು ಸೀಟಿ ಊದಿದಳು. ಇಡೀ ಶಾಲೆ ಮೈದಾನಕ್ಕೆ ಇಳಿಯಿತು. ಸುಣ್ಣದ ಗೆರೆಯ ಮೇಲೆ ಎರಡು ಊರುಗೋಲು ಊರಿ ಗಿರಗಿಟ್ಲೆ ನಿಂತಿದ್ದಳು.

"ಹದಿನೈದು ಸೆಕೆಂಡ್ ಅಂತ ಬರೆದಿದೆ. ಎಣಿಸಿ ಮಕ್ಕಳೇ."

ಮಕ್ಕಳು ಎಣಿಸಿದರು. ಹದಿನೈದು ಅಂದಾಗ ಅವಳು ಹತ್ತು ಹೆಜ್ಜೆಯನ್ನೂ ದಾಟಿರಲಿಲ್ಲ. ಎಣಿಕೆ ನಿಲ್ಲಲಿಲ್ಲ. ಅಧಿಕಾರಿ ಮೊದಲು ಗಡಿಯಾರ ನೋಡಿದರು, ಆಮೇಲೆ ಸಹಿ ನೋಡಿದರು.

"ಸಾಕು ನಿಲ್ಲಿಸಮ್ಮ," ಹೆಡ್ ಮೇಷ್ಟ್ರು ಹಲ್ಲು ಕಡಿದರು. "ನಿನ್ನ ಕೆಲಸ ಹೋಗುತ್ತೆ."

"ಹೋಗಲಿ ಸಾರ್. ನಿಮ್ಮದನ್ನೂ ಜೊತೇಲಿ ಕರ್ಕೊಂಡೇ ಹೋಗುತ್ತೆ."

ಎಣಿಕೆ ನೂರಾ ಹತ್ತಕ್ಕೆ ಬಂದಾಗ ಗಿರಗಿಟ್ಲೆ ಸರಳಿನ ರಾಶಿಯ ಮುಂದೆ ನಿಂತಳು. ಊರುಗೋಲು ಎತ್ತಿ ಅದಕ್ಕೆ ಬಡಿದಳು.

"ಮುಂದೆ ದಾರಿ ಇಲ್ಲ ಟೀಚರ್. ನಾನು ಬಿದ್ದಿದ್ದು ಇಲ್ಲೇ."

ಟೀಚರ್ ಸೀಟಿ ಊದಲಿಲ್ಲ. ಮಕ್ಕಳು ಎಣಿಸುತ್ತಲೇ ಇದ್ದರು.