ಮಡಿ ಬರಹ

ಗಂಡ ತೀರಿಹೋದ ಹದಿನಾಲ್ಕನೆಯ ದಿನ ಬೆಳಿಗ್ಗೆ ಹಾಲಿನವಳು ಹಿತ್ತಲ ಬಾಗಿಲಲ್ಲಿ ಎಂದಿನಷ್ಟೇ ಹಾಲು ಅಳೆದಳು. ಇನ್ನು ಅಷ್ಟು ಹಾಲು ಬೇಡವಾಗಿತ್ತು, ಆದರೂ ಕಾಶೀಬಾಯಿ ಅಷ್ಟನ್ನೂ ಒಳಗೆ ಒಯ್ದಳು. ನೆಂಟರೆಲ್ಲ ನಿನ್ನೆಯೇ ಮಾಳಮಡ್ಡಿಯ ಮನೆಯಿಂದ ಹೊರಟುಹೋಗಿದ್ದರು.

ತಲೆಬಾಗಿಲ ಹೊರಗೆ ವಿದ್ಯಾರ್ಥಿಯೊಬ್ಬ ನಿಂತಿದ್ದ. "ಬಾಯಾರ, ನಾನ್ರಿ, ಮುಗದದ ಮೌಲಾಲಿ. ಸರ್ ನನ್ನ ನಿಬಂಧದ ವಹಿ ಮತ್ತ ಇಸ್ಕೊಂಡಿದ್ರು. ಉಳದ ಮಾಸ್ತರರಿಗೆ ತೋರಿಸಿ ಕೊಡ್ತೇನಿ ಅಂದಿದ್ರು."

ಒಳಗಿನಿಂದ ಅತ್ತೆ ಅಂಬಾಬಾಯಿ ಕೂಗಿದರು. "ಕಾಶೀ, ತಲಬಾಗಲಿಗೆ ಹೋಗಬ್ಯಾಡ! ಆಮ್ಯಾಲ ಬಾ ಅನ್ನು ಅವಗ."

"ಇವತ್ತ ಕಡೀ ದಿನ ಅದ್ರಿ ಅಮ್ಮಾರ. ವಹಿ ಕೊಡಲಿಲ್ಲಂದ್ರ ಪರೀಕ್ಷಾಕ ಕೂಡಸಂಗಿಲ್ಲ."

ವಹಿ ಗಂಡನ ಮೇಜಿನ ಮೇಲೇ ಇತ್ತು. ತ್ರ್ಯಂಬಕ ಕಾಲೇಜಿನಲ್ಲಿ ಕನ್ನಡ ಬರವಣಿಗೆ ಕಲಿಸುತ್ತಿದ್ದ. 'ಮಾತು ಮೈಲಿಗಿ, ಬರಹ ಮಡಿ' ಎಂದು ಮೊದಲ ದಿನವೇ ಹೇಳುತ್ತಿದ್ದ. ಮದುವೆಗೆ ಮುಂಚೆ ಅವಳೂ ಅದೇ ತರಗತಿಯಲ್ಲಿ ಕೂತಿದ್ದಳು. ಆಮೇಲೆ ಅವಳು ತವರಿಗೆ ಬರೆದ ಕಾಗದಗಳನ್ನೂ ಅವನು ತಿದ್ದಿಯೇ ಟಪಾಲಿಗೆ ಹಾಕುತ್ತಿದ್ದ. ಬರುಬರುತ್ತ ಅವಳು 'ಕ್ಷೇಮ' ಎಂದಷ್ಟೇ ಬರೆಯತೊಡಗಿದಳು.

ಮೌಲಾಲಿ ಬರೆದಿದ್ದ: 'ಅವ್ವಗ ಮಣ್ಣ ಕೊಟ್ಟು ಬಂದ್ವಿ. ಮನ್ಯಾಗ ಒಲಿ ಹೊತ್ತಿಸೋರು ಇರಲಿಲ್ಲ.' ಎರಡರ ಮೇಲೂ ಕೆಂಪು ಗೀಟು. ಮೊದಲನೆಯದಕ್ಕೆ ಬದಲು, 'ಮಾತೃಶ್ರೀಯವರ ಅಂತ್ಯಸಂಸ್ಕಾರವನ್ನು ನೆರವೇರಿಸಲಾಯಿತು.' ಎರಡನೆಯದಕ್ಕೆ ಬದಲು ಏನೂ ಇರಲಿಲ್ಲ. ಅಂಚಿನಲ್ಲಿ, 'ತಿದ್ದಿ ಬರೆಯದ ಹೊರತು ಪರೀಕ್ಷೆಗೆ ಅರ್ಹನಲ್ಲ.'

"ಯಾಕ ತಿದ್ದಲಿಲ್ಲ?" ಕಿಟಕಿಯಿಂದಲೇ ಕೇಳಿದಳು.

"ತಿದ್ದಿ ನೋಡಿದ್ನಿರಿ. ಬ್ಯಾರೆ ಯಾರದೋ ದೊಡ್ಡ ಮನಿ ಮುದುಕಿ ಸತ್ತಂಗ ಆತು." ನಗಲು ಹೋಗಿ ತಲೆ ತಗ್ಗಿಸಿದ. "ಈಗ ತಿದ್ತೇನ್ರಿ. ಇಲ್ಲೇ ಕಟ್ಟಿ ಮ್ಯಾಲ ಕುಂತು ಬರೀತೇನಿ. ನನಗ ಪರೀಕ್ಷಾ ಬೇಕು."

ಹನ್ನೆರಡು ದಿನಗಳ ಹಿಂದೆ ಊರೂರಿಗೆ ಕಾರ್ಡು ಬರೆದವಳು ಅವಳೇ. 'ಶ್ರೀಯುತರು ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ.' ಮೂವತ್ತೆರಡು ಕಾರ್ಡುಗಳಲ್ಲಿ ಒಂದರಲ್ಲೂ ತಪ್ಪಿರಲಿಲ್ಲ. ಒಂದರ ಮೇಲೂ ಕಣ್ಣೀರು ಬಿದ್ದಿರಲಿಲ್ಲ.

ಹೊಡೆದು ಹಾಕಿದ ಮಾತು ಇದ್ದಂತೆಯೇ ಇರಲಿ ಎಂದರೆ ಅದರ ಕೆಳಗೆ ಚುಕ್ಕೆ ಇಡಬೇಕು. ಅದನ್ನು ಕಲಿಸಿದವನೂ ತ್ರ್ಯಂಬಕನೇ. ಅವನೇ ಅಂಥ ಚುಕ್ಕೆ ಇಟ್ಟದ್ದನ್ನು ಮಾತ್ರ ಅವಳು ಎಂದೂ ಕಂಡಿರಲಿಲ್ಲ. ಅವನ ಲೇಖನಿಯನ್ನು ಕೆಂಪು ಶಾಯಿಯಲ್ಲಿ ಅದ್ದಿದಳು. 'ಮಣ್ಣ' ಕೆಳಗೊಂದು, 'ಕೊಟ್ಟು' ಕೆಳಗೊಂದು, 'ಒಲಿ' ಕೆಳಗೊಂದು, ಹೀಗೆ ಒಂದೊಂದೇ ಚುಕ್ಕೆ ಇಟ್ಟಳು. ಅಂಚಿನ ಮಾತನ್ನು ಹೊಡೆದು, ಪಕ್ಕದಲ್ಲಿ ಅವನ ಕೈಬರಹದಂತೆಯೇ 'ತ್ರ್ಯಂ.' ಎಂದು ಸಹಿ ಮಾಡಿದಳು.

"ಕಾಶೀ, ಎಲ್ಲಿ ಹೊಂಟಿ?"

ಅವಳು ಹೊಸ್ತಿಲು ದಾಟಿ ವಹಿಯನ್ನು ಹುಡುಗನ ಕೈಯಲ್ಲೇ ಇಟ್ಟಳು.

"ಮುಚ್ಚಬ್ಯಾಡ. ಇನ್ನೂ ಹಸಿ ಅದ."

ಮೌಲಾಲಿ ತೆರೆದ ವಹಿಯನ್ನು ಎರಡೂ ಅಂಗೈ ಮೇಲೆ ಹಿಡಿದು, ಅಕ್ಷರಗಳ ಮೇಲೆ ಮೆಲ್ಲಗೆ ಊದುತ್ತ ಓಣಿ ಇಳಿದು ಹೋದ.